ಡೈವೋರ್ಸ್ ಆದ ಮೇಲೆ ಮಗುವನ್ನು ವಿದೇಶಕ್ಕೆ ಕರೆದೊಯ್ಯುವುದು: ಮಂಗಳೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಘಟ್ಟ ಇಳಿದು ಮಂಗಳೂರು, ಉಡುಪಿಗೆ ಬಂದವರಿಗೆ ನಮ್ಮ ಸಂಘದಿಂದ ಬಾಡಿಗೆ ಮನೆ, ಶಾಲೆ, ಗ್ಯಾಸ್ ಕನೆಕ್ಷನ್ ಬಗ್ಗೆ ಹೇಳುತ್ತಲೇ ಇರುತ್ತೇವೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಉಪಾಯವನ್ನೂ ಹೇಳಿದ್ದೇವೆ. ಈ ಸಲದ ವಿಷಯ ಸ್ವಲ್ಪ ಬೇರೆ. ಇದನ್ನು ಯಾರೂ ಸಭೆಯಲ್ಲಿ ಎದ್ದು ನಿಂತು ಕೇಳುವುದಿಲ್ಲ. ಕಾರ್ಯಕ್ರಮ ಮುಗಿದು ಎಲ್ಲರೂ ಊಟಕ್ಕೆ ಹೋದ ಮೇಲೆ, ಒಬ್ಬರೇ ಬಂದು ಮೆಲ್ಲಗೆ ಕೇಳುತ್ತಾರೆ: "ನಮಗೆ ಡೈವೋರ್ಸ್ ಆಗಿದೆ. ಮಗಳನ್ನು ದುಬೈಗೆ ಕರ್ಕೊಂಡು ಹೋಗಬೇಕು. ಅವಳ ಅಪ್ಪನ ಸಹಿ ಬೇಕಾ?"

ಈ ಊರಿನಲ್ಲಿ ಈ ಪ್ರಶ್ನೆ ಜಾಸ್ತಿ. ಬಜ್ಪೆಯಿಂದ ವಿಮಾನ ಹತ್ತಿದರೆ ನೇರ ದುಬೈ, ಅಬುಧಾಬಿ. ಇಲ್ಲಿ ಮನೆಗೊಬ್ಬರಾದರೂ ಗಲ್ಫ್‌ನಲ್ಲಿ ಇರುತ್ತಾರೆ. ಹೊಸಬರೂ ಸ್ವಲ್ಪ ದಿನದಲ್ಲೇ ಅದೇ ದಾರಿಯ ಬಗ್ಗೆ ಯೋಚಿಸುತ್ತಾರೆ. ನರ್ಸ್ ಕೆಲಸ ಸಿಗುತ್ತದೆ, ಅಕ್ಕ ಕರೆಯುತ್ತಾಳೆ, ಬೇಸಿಗೆ ರಜೆ ಬರುತ್ತದೆ.

ಉತ್ತರ ಹೀಗೆ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಟಿಕೆಟ್ ಮಾಡಬೇಡಿ. ಒಂದೋ ಇನ್ನೊಬ್ಬ ಪೋಷಕರ ಸಹಿ ಇರುವ ಪತ್ರ ಇರಲಿ, ಇಲ್ಲವೇ ಕೋರ್ಟಿನ ಆದೇಶ ಇರಲಿ. ಟಿಕೆಟ್ ಆಮೇಲೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಾವೇರಿ ಕಡೆಯಿಂದ ಬಂದು ಸುರತ್ಕಲ್‌ನಲ್ಲಿ ನೆಲೆಸಿದ ಒಬ್ಬ ತಾಯಿ ನಮಗೆ ಪರಿಚಯ. ಏಪ್ರಿಲ್ ರಜೆಗೆ ಮಗನನ್ನು ದೋಹಾದಲ್ಲಿರುವ ತಂಗಿಯ ಮನೆಗೆ ಕರೆದೊಯ್ಯಲು ಹೊರಟಿದ್ದರು. ಮಗುವಿನ ಅಪ್ಪ ಫೋನಿನಲ್ಲಿ "ಆಯ್ತು, ಕರ್ಕೊಂಡು ಹೋಗು" ಎಂದಿದ್ದರು. ಟಿಕೆಟ್ ಆಯಿತು. ಪಾಸ್‌ಪೋರ್ಟ್ ಅರ್ಜಿಗೆ ಸಹಿ ಕೇಳಿದಾಗ ಅವರು ಹಿಂದೆ ಸರಿದರು. ಕೆಟ್ಟ ಮನಸ್ಸಿನಿಂದಲ್ಲ. ಅವರ ತಾಯಿ "ಮೊಮ್ಮಗ ವಾಪಸ್ ಬರದಿದ್ರೆ?" ಎಂದು ಅಳಲು ಶುರು ಮಾಡಿದ್ದರಂತೆ. ಟಿಕೆಟ್ ದುಡ್ಡು ಹೋಯಿತು. ಎರಡು ಮನೆಗಳ ಮಧ್ಯೆ ಇದ್ದ ಸ್ವಲ್ಪ ನಂಬಿಕೆಯೂ ಹೋಯಿತು. ಮುಂದಿನ ದಸರಾ ರಜೆಗೆ ಹೋಗುವ ದಿನ, ಬರುವ ದಿನ, ಇರುವ ಮನೆಯ ವಿಳಾಸ ಎಲ್ಲ ಬರೆದ ಪತ್ರವನ್ನು ಮೊದಲೇ ಕಳಿಸಿದರು. ಅಪ್ಪ ಎರಡೇ ದಿನದಲ್ಲಿ ಸಹಿ ಮಾಡಿದರು. ಅಜ್ಜಿಗೆ ಬೇಕಾಗಿದ್ದದ್ದು ಆ ವಾಪಸ್ ಬರುವ ದಿನಾಂಕ, ಅಷ್ಟೇ.

ಮೊದಲು ನಿಮ್ಮ ಡಿಕ್ರಿ ಓದಿ

ಡೈವೋರ್ಸ್ ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಕೈಗೆ ಬಂದ ದಿನ ಯಾರೂ ಅದನ್ನು ಪೂರ್ತಿ ಓದುವುದಿಲ್ಲ. ಆ ದಿನದ ಮನಸ್ಥಿತಿ ಹಾಗಿರುತ್ತದೆ. ಈಗ ಓದಿ. ಮಗು ಯಾರ ಬಳಿ ಇರಬೇಕು ಎಂದು ಬರೆದಿದೆಯೇ? ಇನ್ನೊಬ್ಬರು ಯಾವ ವಾರ, ಯಾವ ರಜೆಯಲ್ಲಿ ಮಗುವನ್ನು ನೋಡಬಹುದು ಎಂದಿದೆಯೇ? "ಕೋರ್ಟಿನ ಅನುಮತಿ ಇಲ್ಲದೆ ಹೊರದೇಶಕ್ಕೆ ಕರೆದೊಯ್ಯಬಾರದು" ಎಂಬ ಸಾಲು ಇದೆಯೇ? ಆ ಸಾಲು ಇದ್ದರೆ ಇನ್ನೊಬ್ಬ ಪೋಷಕರ ಸಹಿ ಇದ್ದರೂ ಸಾಲದು, ಕೋರ್ಟಿಗೇ ಹೋಗಬೇಕು.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟೇ ನಿಮ್ಮನ್ನು ಗಾರ್ಡಿಯನ್ (ಮಗುವಿನ ಕಾನೂನುಬದ್ಧ ಪಾಲಕರು) ಎಂದು ನೇಮಿಸಿದ್ದರೆ, ಅದರ 26ನೇ ಸೆಕ್ಷನ್ ನೆನಪಿರಲಿ. ಆ ಕೋರ್ಟಿನ ವ್ಯಾಪ್ತಿಯಿಂದ ಮಗುವನ್ನು ಹೊರಗೆ ಕರೆದೊಯ್ಯಲು ಸಾಮಾನ್ಯವಾಗಿ ಅದೇ ಕೋರ್ಟಿನ ಅನುಮತಿ ಬೇಕು. ಹುಬ್ಬಳ್ಳಿ ಕೋರ್ಟಿನ ಆದೇಶ ಹಿಡಿದು ಮಂಗಳೂರಿಗೆ ಮನೆ ಬದಲಿಸಿದವರೂ ಇದನ್ನು ಒಮ್ಮೆ ವಕೀಲರ ಹತ್ತಿರ ಕೇಳಿಕೊಳ್ಳಿ.

ಡಿಕ್ರಿಯಲ್ಲಿ ಪ್ರಯಾಣದ ಬಗ್ಗೆ ಏನೂ ಬರೆದಿರದಿದ್ದರೆ "ಏನೂ ಹೇಳಿಲ್ಲ, ಅಂದ್ರೆ ಹೋಗಬಹುದು" ಎಂದು ತಿಳಿಯಬೇಡಿ. ಇನ್ನೊಬ್ಬರಿಗೆ ಪ್ರತಿ ಭಾನುವಾರ ಮಗುವನ್ನು ನೋಡುವ ಹಕ್ಕು ಇದ್ದರೆ, ನೀವು ಎರಡು ತಿಂಗಳು ದೂರ ಹೋದಾಗ ಅದು ಮುರಿದ ಹಾಗೆಯೇ ಅಲ್ವಾ? ಅದಕ್ಕೇ ಒಪ್ಪಿಗೆ ಬೇಕು.

ಡೈವೋರ್ಸ್ ಇನ್ನೂ ನಡೆಯುತ್ತಿದ್ದರೆ ನೀವು ಒಳ್ಳೆಯ ಹೊತ್ತಿನಲ್ಲಿ ಇದನ್ನು ಓದುತ್ತಿದ್ದೀರಿ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ಹಾಕುವ ಅರ್ಜಿಯಲ್ಲಿ ಸಾಮಾನ್ಯವಾಗಿ ಆರು ತಿಂಗಳ ಬಿಡುವು ಇರುತ್ತದೆ. ಆ ಹೊತ್ತಿನಲ್ಲೇ ಪ್ರಯಾಣದ ಷರತ್ತನ್ನು ಒಪ್ಪಂದಕ್ಕೆ ಸೇರಿಸಿ. ಪಾಸ್‌ಪೋರ್ಟ್‌ಗೆ ಇಬ್ಬರೂ ಸಹಿ ಹಾಕಬೇಕು, ಅದು ಯಾರ ಬಳಿ ಇರಬೇಕು, ಎಷ್ಟು ದಿನ ಮೊದಲು ತಿಳಿಸಬೇಕು, ಎಷ್ಟು ದಿನದ ಪ್ರವಾಸಕ್ಕೆ ಬೇರೆ ಒಪ್ಪಿಗೆ ಬೇಡ, ಹೀಗೆ ಬಿಡಿಸಿ ಬರೆಸಿ. ಜೀವನಾಂಶದ ಲೆಕ್ಕಕ್ಕೆ ಹತ್ತು ಸಲ ಕೂರುವವರು ಇದಕ್ಕೆ ಅರ್ಧ ಗಂಟೆಯೂ ಕೊಡುವುದಿಲ್ಲ ಎಂಬುದು ನಮ್ಮ ಬೇಸರ.

ಇನ್ನೊಂದು ಮಾತು. ಊರ ಹಿರಿಯರ ಮುಂದೆ ಬರೆದುಕೊಂಡ ಬಿಡುಗಡೆ ಪತ್ರ, ಮಸೀದಿಯ ಕಾಗದ, ಚರ್ಚಿನ ತೀರ್ಪು ಇವು ಆಯಾ ಸಮುದಾಯದೊಳಗೆ ಮುಖ್ಯ ಇರಬಹುದು. ಮಗುವಿನ ಪಾಲನೆಗೆ ಕೋರ್ಟಿನ ಆದೇಶವನ್ನೇ ಮಾಡಿಸಿಕೊಳ್ಳಿ. ಚರ್ಚಿನ ಟ್ರಿಬ್ಯುನಲ್ ಮದುವೆ ರದ್ದು ಮಾಡಿದರೆ ಅದು ಕಾನೂನಿನ ವಿಚ್ಛೇದನ ಆಗುವುದಿಲ್ಲ ಎಂಬ ನಿಲುವನ್ನು 2017ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿ ಹಿಡಿದಿದೆ. ತುಳುನಾಡಿನಲ್ಲಿ "ಮಕ್ಕಳು ತಾಯಿಯ ಬರಿಗೆ ಸೇರಿದವರು" ಎಂಬ ಮಾತನ್ನೂ ನೀವು ಕೇಳುತ್ತೀರಿ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ನಡೆಯುವ ಪದ್ಧತಿಯ ಕಾಲದಿಂದ ಬಂದ ಚೆಂದದ ಸಂಪ್ರದಾಯ ಅದು. ಪಾಸ್‌ಪೋರ್ಟ್ ಕೌಂಟರ್‌ನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಪಾಸ್‌ಪೋರ್ಟ್

ಅರ್ಜಿ ಆನ್‌ಲೈನ್‌ನಲ್ಲಿ. ಮಂಗಳೂರಿನಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಉಡುಪಿಯವರಿಗೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರ ಇದೆ. ಎರಡೂ ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಕೆಳಗೆ ಬರುತ್ತವೆ. ಮಗುವಿನ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ.

2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲವಾಯಿತು. ಈಗ ಅಪ್ಪ ಅಥವಾ ಅಮ್ಮ, ಒಬ್ಬರ ಹೆಸರು ಕೊಟ್ಟರೂ ಅರ್ಜಿ ಹಾಕಬಹುದು. ಡೈವೋರ್ಸ್ ಆದವರು ತಮ್ಮ ಪಾಸ್‌ಪೋರ್ಟ್‌ನಲ್ಲಿ ಮಾಜಿ ಗಂಡನ ಅಥವಾ ಹೆಂಡತಿಯ ಹೆಸರು ಕೊಡಬೇಕಿಲ್ಲ. ಅಫಿಡವಿಟ್‌ಗಳ ಬದಲು ಬಿಳಿ ಹಾಳೆಯ ಸ್ವಯಂ ಘೋಷಣೆ ಸಾಕು, ಅದಕ್ಕೆ ನೋಟರಿ ಬೇಡ. ಮಗುವಿನ ಅರ್ಜಿಗೆ ಇಬ್ಬರೂ ಒಪ್ಪಿದ್ದರೆ ಅನೆಕ್ಷರ್ ಡಿ ಎಂಬ ಘೋಷಣೆಯ ನಮೂನೆ. ಇನ್ನೊಬ್ಬರ ಒಪ್ಪಿಗೆ ಇಲ್ಲದಿದ್ದರೆ ಅನೆಕ್ಷರ್ ಸಿ.

ಈ ಅನೆಕ್ಷರ್ ಸಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಹಿ ಸಿಗದವರಿಗೆ ಅದು ದೊಡ್ಡ ಆಸರೆ. ಅದರಲ್ಲಿ ಒಪ್ಪಿಗೆ ಯಾಕೆ ಇಲ್ಲ, ಕೋರ್ಟಿನಲ್ಲಿ ಕೇಸು ಇದೆಯೇ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು. ಕೇಸು ನಡೆಯುತ್ತಿದ್ದರೂ ಇಲ್ಲ ಎಂದು ಬರೆದರೆ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆ ಸುಳ್ಳು ಮುಂದೆ ಪಾಲನೆಯ ಕೇಸಿನಲ್ಲಿ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಮಗುವಿನ ಹಳೆಯ ಪಾಸ್‌ಪೋರ್ಟ್ ಇನ್ನೊಬ್ಬರ ಮನೆಯಲ್ಲಿ ಇದ್ದರೆ, ಅದು ಕಳೆದುಹೋಗಿದೆ ಎಂದು ಪೊಲೀಸ್ ದೂರು ಕೊಡಲೂ ಬೇಡಿ. ಏಜೆಂಟರು ಈ ದಾರಿ ಹೇಳಿಕೊಡಬಹುದು. ಕೇಳಬೇಡಿ.

ಪಾಸ್‌ಪೋರ್ಟ್ ಸಿಕ್ಕಿತು ಎಂದರೆ ಒಪ್ಪಿಗೆ ಸಿಕ್ಕಿತು ಎಂದಲ್ಲ. ವೀಸಾ ಕೊಡುವ ದೇಶ ತನ್ನದೇ ಕಾಗದ ಕೇಳುತ್ತದೆ. ಯೂರೋಪಿನ ಷೆಂಗೆನ್ ವೀಸಾಕ್ಕೆ ಜೊತೆಗೆ ಬರದ ಪೋಷಕರ ಒಪ್ಪಿಗೆ ಅಥವಾ ಒಬ್ಬರಿಗೇ ಪಾಲನೆ ಎಂಬ ಆದೇಶ ಕೇಳುತ್ತಾರೆ. ಯುಎಇಯಲ್ಲಿ ತಾಯಿ ತನ್ನ ಹೆಸರಿನಲ್ಲಿ ಮಗುವಿಗೆ ರೆಸಿಡೆನ್ಸ್ ವೀಸಾ ಮಾಡಿಸಲು ಹೊರಟಾಗ ತಂದೆಯ ಎನ್‌ಒಸಿಯೋ (ಅಭ್ಯಂತರ ಇಲ್ಲ ಎಂಬ ಪತ್ರ) ಪಾಲನೆಯ ಆದೇಶವೋ ಬೇಕಾಗುತ್ತದೆ, ಅದಕ್ಕೆ ಅಟೆಸ್ಟೇಷನ್, ಅಂದರೆ ಅದು ಅಸಲಿ ಎಂಬ ಅಧಿಕೃತ ದೃಢೀಕರಣ, ಆಗಿರಬೇಕು. ಕನ್ನಡದಲ್ಲಿರುವ ಡಿಕ್ರಿಗೆ ಇಂಗ್ಲಿಷ್ ಅನುವಾದವೂ ಬೇಕು. ಇದಕ್ಕೆಲ್ಲ ವಾರಗಳೇ ಹಿಡಿಯುತ್ತವೆ.

ಒಪ್ಪಿಗೆ ಪತ್ರದಲ್ಲಿ ಏನಿರಬೇಕು

"ನನ್ನ ಅಭ್ಯಂತರ ಇಲ್ಲ" ಎಂಬ ಒಂದು ಸಾಲಿನ ಪತ್ರ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಸಹಿ ಹಾಕುವವರಿಗೂ ಅದರಿಂದ ಧೈರ್ಯ ಬರುವುದಿಲ್ಲ. ನಾವು ಬರೆಸುವ ಪತ್ರ ಹೆಚ್ಚು ಕಡಿಮೆ ಹೀಗಿರುತ್ತದೆ:

"ನಾನು ಈ ಕೆಳಗೆ ಹೆಸರಿಸಿದ ಮಗುವಿನ ತಂದೆ. ನನ್ನ ಮಗಳು ತನ್ನ ತಾಯಿಯ ಜೊತೆ ಇಂಥ ದಿನ ಮಂಗಳೂರಿನಿಂದ ಮಸ್ಕತ್‌ಗೆ ಹೋಗಿ, ಇಂಥ ದಿನದೊಳಗೆ ವಾಪಸ್ ಬರಲು ನನ್ನ ಒಪ್ಪಿಗೆ ಇದೆ. ಅಲ್ಲಿ ಅವಳು ಈ ವಿಳಾಸದಲ್ಲಿ ಇರುತ್ತಾಳೆ. ಈ ಪ್ರವಾಸಕ್ಕೆ ಬೇಕಾದ ವೀಸಾ ಮಾಡಿಸಲು ಮತ್ತು ತುರ್ತು ಚಿಕಿತ್ಸೆ ಕೊಡಿಸಲು ತಾಯಿಗೆ ಅಧಿಕಾರ ಇದೆ. ಅಲ್ಲಿ ಇರುವಷ್ಟು ದಿನ ವಾರಕ್ಕೆ ಮೂರು ದಿನ ಸಂಜೆ ನಾನು ಮಗಳ ಜೊತೆ ವಿಡಿಯೋ ಕರೆಯಲ್ಲಿ ಮಾತಾಡುತ್ತೇನೆ. ಈ ಒಪ್ಪಿಗೆ ಈ ಒಂದು ಪ್ರವಾಸಕ್ಕೆ ಮಾತ್ರ."

ಕೆಳಗೆ ಮಗುವಿನ ಹುಟ್ಟಿದ ದಿನ, ಮೂವರ ಪಾಸ್‌ಪೋರ್ಟ್ ನಂಬರು, ಇಬ್ಬರ ಫೋನ್ ನಂಬರು. ಸ್ಟ್ಯಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿ ನೋಟರಿಯ ಮುಂದೆ ಸಹಿ ಹಾಕಿಸಿ. ತಂದೆಯೋ ತಾಯಿಯೋ ಹೊರದೇಶದಲ್ಲಿ ಇದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿಗೆ ದೃಢೀಕರಣ ಮಾಡಿಸುವುದು ಒಳ್ಳೆಯದು. ವಾಟ್ಸ್ಆ್ಯಪ್‌ನ "ಓಕೆ" ಲೆಕ್ಕಕ್ಕಿಲ್ಲ. ಆದರೂ ಅಳಿಸಬೇಡಿ, ಮುಂದೆ ಬೇಕಾಗಬಹುದು.

ಸಹಿ ಕೇಳುವ ರೀತಿಯೂ ಮುಖ್ಯ. ಹೋಗಿಬರುವ ದಿನ, ವಿಳಾಸ, ಶಾಲೆ ಶುರುವಾಗುವ ದಿನ ಎಲ್ಲ ತೋರಿಸಿ ಕೇಳಿ. ನೇರ ಮಾತು ಕಷ್ಟವಾದರೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರು ಮಧ್ಯೆ ಇರಲಿ. ಹೊಡೆತ, ಬೆದರಿಕೆ ಅನುಭವಿಸಿ ಹೊರಬಂದವರು ಒಬ್ಬರೇ ಸಹಿಗೆ ಹೋಗಲೇಬೇಡಿ, ವಕೀಲರ ಮೂಲಕ ಕೇಳಿ. ಏನೇ ಆಗಲಿ, ಪತ್ರವನ್ನು ಮಗುವಿನ ಕೈಯಲ್ಲಿ ಕೊಟ್ಟು "ಅಪ್ಪನ ಹತ್ರ ಸಹಿ ಹಾಕಿಸ್ಕೊಂಡು ಬಾ" ಎಂದು ಕಳಿಸಬೇಡಿ. ಅಪ್ಪ ಇಲ್ಲ ಎಂದರೆ ಆ ಇಲ್ಲವನ್ನು ಹೊತ್ತು ಮನೆಗೆ ಬರುವುದು ಆ ಮಗು.

ಸಹಿ ಸಿಗದಿದ್ದರೆ

ಕೋರ್ಟಿಗೆ ಅರ್ಜಿ ಹಾಕಬೇಕು. ಪಾಲನೆಯ ಆದೇಶ ಬದಲಿಸಬೇಕಾದರೆ ಸಾಮಾನ್ಯವಾಗಿ ಆ ಆದೇಶ ಕೊಟ್ಟ ಕೋರ್ಟಿಗೇ ಹೋಗಬೇಕು. ಗಾರ್ಡಿಯನ್ಸ್ ಕಾಯ್ದೆಯಡಿ ಹೊಸ ಅರ್ಜಿಯಾದರೆ ಮಗು ಈಗ ಎಲ್ಲಿ ವಾಸವಾಗಿದೆಯೋ ಅಲ್ಲಿಯ ಕೋರ್ಟಿಗೆ. ಮಗು ಇಲ್ಲೇ ನೆಲೆಸಿದೆ ಎಂದು ತೋರಿಸಲು ಬಾಡಿಗೆ ಕರಾರು, ಶಾಲೆಯ ದಾಖಲೆ ಸಹಾಯಕ್ಕೆ ಬರುತ್ತವೆ.

ಕೋರ್ಟ್ ನೋಡುವುದು ಮಗುವಿನ ಹಿತ. ನೀವು ವಾಪಸ್ ಬರುತ್ತೀರಿ ಎಂಬುದಕ್ಕೆ ಏನು ಖಾತ್ರಿ? ಇಲ್ಲಿ ಕೆಲಸ ಇದೆಯೇ? ಮಗುವಿನ ಶಾಲೆ ಏನಾಗುತ್ತದೆ? ಇನ್ನೊಬ್ಬರು ಮಗುವಿನ ಜೊತೆ ಹೇಗೆ ಮಾತಾಡುತ್ತಾರೆ? ಇದಕ್ಕೆಲ್ಲ ಉತ್ತರ ನಿಮ್ಮ ಅರ್ಜಿಯಲ್ಲೇ ಇರಲಿ. ಬುದ್ಧಿ ಬಂದ ಮಗುವಾದರೆ ನ್ಯಾಯಾಧೀಶರು ಅದರ ಮಾತನ್ನೂ ಕೇಳಬಹುದು. ವಾಪಸ್ ಬರುತ್ತೇನೆಂಬ ಮುಚ್ಚಳಿಕೆ, ಭದ್ರತಾ ಹಣ, ಬಂದ ಮೇಲೆ ಪಾಸ್‌ಪೋರ್ಟ್ ಒಪ್ಪಿಸುವುದು, ಇಂಥ ಷರತ್ತು ಹಾಕಿ ಅನುಮತಿ ಕೊಡುವುದುಂಟು. ಕೆಲಸದ ಮೇಲೆ ಸಿಂಗಪುರಕ್ಕೆ ಹೋಗಬೇಕಿದ್ದ ಒಬ್ಬ ತಾಯಿಗೆ 2020ರಲ್ಲಿ ಸುಪ್ರೀಂ ಕೋರ್ಟ್ ಮಗನನ್ನು ಕರೆದೊಯ್ಯಲು ಬಿಟ್ಟಿತು. ತಂದೆ ಮಗನ ಜೊತೆ ಸಂಪರ್ಕದಲ್ಲಿರಲು ಏರ್ಪಾಡನ್ನೂ ಮಾಡಿತು.

ಬೇಸಿಗೆ ರಜೆ ಮಕ್ಕಳಿಗೆ ಮಾತ್ರವಲ್ಲ, ಸಿವಿಲ್ ಕೋರ್ಟುಗಳಿಗೂ ಇದೆ. ಏಪ್ರಿಲ್‌ನಲ್ಲಿ ಹೊರಡುವವರು ದೀಪಾವಳಿ ಮುಗಿದ ಕೂಡಲೇ ವಕೀಲರನ್ನು ಕಾಣಿ. ವಕೀಲರ ಫೀಸಿಗೆ ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರನ್ನು ಕೊಡುತ್ತಾರೆ. ಫೋನ್ 15100.

ಇಲ್ಲಿ ಉಳಿಯುವ ಅಪ್ಪ, ಅಮ್ಮಂದಿರಿಗೆ

ಈ ಭಾಗ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಮಗುವನ್ನು ವಿಮಾನ ಹತ್ತಿಸಿ ಮನೆಗೆ ಬರುವವರ ಭಯವೂ ನಿಜವಾದದ್ದು. ಹೊರದೇಶಕ್ಕೆ ಒಯ್ದ ಮಕ್ಕಳನ್ನು ವಾಪಸ್ ತರಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಒಮ್ಮೆ ಮಗು ಅಲ್ಲೇ ಉಳಿದರೆ ದಾರಿ ತುಂಬ ಉದ್ದ. ನಿಮಗೆ ಗಟ್ಟಿ ಅನುಮಾನ ಇದ್ದರೆ ಮೊದಲೇ ಕೋರ್ಟಿನಿಂದ ತಡೆಯಾಜ್ಞೆ ಕೇಳಿ, ಮಗುವಿನ ಪಾಸ್‌ಪೋರ್ಟ್ ಕೋರ್ಟಿನಲ್ಲಿ ಇಡಿಸಲು ಕೇಳಿ. ಆದೇಶದ ಪ್ರತಿಯನ್ನು ಪಾಸ್‌ಪೋರ್ಟ್ ಕಚೇರಿಗೂ ಕೊಡಿ. ಅನುಮಾನ ಇಲ್ಲದೆ, ಸುಮ್ನೆ ಹಳೆಯ ಕೋಪಕ್ಕೆ ಸಹಿ ತಡೆಯಬೇಡಿ. ತಪ್ಪಿಹೋಗುವುದು ನಿಮ್ಮ ಮಗುವಿನ ರಜೆ.

ಗಲ್ಫ್‌ನಿಂದಲೋ ಅಮೆರಿಕದಿಂದಲೋ ಮಗುವನ್ನು ಕರೆದುಕೊಂಡು ಇಲ್ಲಿಗೆ ಬಂದವರಿಗೂ ಒಂದು ಮಾತು. ಅಲ್ಲಿನ ಕೋರ್ಟಿನ ಆದೇಶವನ್ನು ಮುಚ್ಚಿಡಬೇಡಿ. ಅಂಥ ಆದೇಶ ಇದ್ದರೂ ಮಗುವಿನ ಹಿತವೇ ಮುಖ್ಯ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನೀವು ಮತ್ತೆ ಆ ದೇಶಕ್ಕೆ ಕಾಲಿಟ್ಟಾಗ ಅಲ್ಲಿನ ಕಾನೂನು ಬೇರೆ.

ಹೊರಡುವ ದಿನ

ಡಿಕ್ರಿಯ ಸರ್ಟಿಫೈಡ್ ಕಾಪಿ, ಒಪ್ಪಿಗೆ ಪತ್ರ, ಮಗುವಿನ ಜನನ ಪ್ರಮಾಣಪತ್ರ, ಹೋಗಿಬರುವ ಟಿಕೆಟ್ ಒಂದೇ ಫೈಲಿನಲ್ಲಿ ಇರಲಿ. ಲಗೇಜಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಒಬ್ಬರೇ ಪೋಷಕರ ಜೊತೆ ಹೋಗುವ ಎಲ್ಲ ಮಕ್ಕಳಿಗೂ ಇಮಿಗ್ರೇಷನ್‌ನಲ್ಲಿ ಈ ಕಾಗದ ಕೇಳುವುದಿಲ್ಲ. ಕೇಳಿದಾಗ ಕೈಯಲ್ಲಿ ಇರಬೇಕು. ನಮ್ಮ ಕಡೆ ಇನಿಷಿಯಲ್‌ನ ಗೊಂದಲ ಬೇರೆ. ಮಗುವಿಗೆ ಅಪ್ಪನ ಊರಿನ ಹೆಸರು, ಅಮ್ಮನಿಗೆ ತವರಿನ ಹೆಸರು. ಇಬ್ಬರ ಪಾಸ್‌ಪೋರ್ಟ್ ನೋಡಿದರೆ ತಾಯಿ ಮಗು ಎಂದು ಗೊತ್ತೇ ಆಗುವುದಿಲ್ಲ. ಅಲ್ಲಿ ಜನನ ಪ್ರಮಾಣಪತ್ರವೇ ನಿಮಗೆ ಸಾಕ್ಷಿ.

ಕಾಗದ ನೋಡಿ ಹೇಳಲು, ಪತ್ರ ಬರೆಯಲು ನಮ್ಮಲ್ಲಿ ಜನ ಇದ್ದಾರೆ. ಸಭೆಯ ದಿನ ಫೈಲು ತನ್ನಿ. ಎಲ್ಲರೆದುರು ಮಾತಾಡಲು ಮುಜುಗರವಾದರೆ ಮೊದಲೇ ತಿಳಿಸಿ, ಒಳಗಿನ ಕೋಣೆಯಲ್ಲಿ ಕೂತು ನೋಡೋಣ. ವಿಮಾನ ಇಳಿದ ಕೂಡಲೇ ಮಗುವಿನಿಂದ ಇಲ್ಲಿರುವ ಅಪ್ಪನಿಗೋ ಅಮ್ಮನಿಗೋ ಒಂದು ಫೋನ್ ಮಾಡಿಸಿ.