ಡೆಸ್ಟ್ರಾಯರ್ ಹಡಗಿನಲ್ಲಿದ್ದ ನಾವಿಕನ ಜತೆಗಾರರನ್ನು ಪತ್ತೆ ಹಚ್ಚುವುದು ಹೇಗೆ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯಲ್ಲಿದ್ದ ಯಾರದೋ ಬಗ್ಗೆ ಹುಡುಕಲು ಕೂತವರು ಮೊದಲು ಅವರ ಹೆಸರು ಟೈಪ್ ಮಾಡಿ ನೋಡುತ್ತಾರೆ. ಏನೂ ಸಿಗುವುದಿಲ್ಲ, ಅಥವಾ ಅದೇ ಹೆಸರಿನ ಬೇರೆ ಹತ್ತಾರು ಜನ ಸಿಗುತ್ತಾರೆ. ಹೆಸರನ್ನು ಸದ್ಯಕ್ಕೆ ಬದಿಗಿಡಿ, ಹಡಗನ್ನು ಹಿಡಿಯಿರಿ. ನೌಕಾಪಡೆಯ ಕಾಗದಪತ್ರ ಎಲ್ಲಾ ಹಡಗಿನ ಲೆಕ್ಕದಲ್ಲೇ ಇರುವುದು, ಮಾಜಿ ನಾವಿಕರ ಸಂಘಗಳೂ ಹಡಗಿನ ಲೆಕ್ಕದಲ್ಲೇ ಹುಟ್ಟಿಕೊಂಡವು. ಹಡಗು ಸಿಕ್ಕಿದರೆ ಮನುಷ್ಯ ಸಿಗುತ್ತಾನೆ, ಅವನ ಪಕ್ಕದಲ್ಲಿ ನಿಂತಿದ್ದವರೂ ಸಿಗುತ್ತಾರೆ.

ಹಡಗಿನ ಹೆಸರಷ್ಟೇ ಸಾಲದು, ನಂಬರ್ ಬೇಕೇ ಬೇಕು. ಡೆಸ್ಟ್ರಾಯರ್ ಅಂದರೆ ವೇಗವಾಗಿ ಓಡುವ ಚಿಕ್ಕ ಯುದ್ಧನೌಕೆ, ಅವಕ್ಕೆ ಡಿಡಿ ಅಂತ ಶುರುವಾಗುವ ನಂಬರ್ ಇರುತ್ತದೆ. ಮುಳುಗಿದ ಹಡಗಿನ ಹೆಸರನ್ನು ಹೊಸ ಹಡಗಿಗೆ ಇಡುವುದು ಅಲ್ಲಿ ಮಾಮೂಲಿ, ಅದಕ್ಕೇ ಗೊಂದಲ. ಲ್ಯಾಫಿಯನ್ನೇ ನೋಡಿ. ಡಿಡಿ-459 ಲ್ಯಾಫಿ 1942ರ ನವೆಂಬರ್ 13ರಂದು ಗ್ವಾಡಲ್‌ಕೆನಾಲ್ ಬಳಿ ಮುಳುಗಿತು. ಡಿಡಿ-724 ಲ್ಯಾಫಿ 1944ರಲ್ಲಿ ಸೇವೆಗೆ ಬಂತು, 1945ರ ಏಪ್ರಿಲ್ 16ರಂದು ಓಕಿನಾವಾ ಹತ್ತಿರ ಜಪಾನಿನ ಕಾಮಿಕಾಜಿ (ಆತ್ಮಾಹುತಿ) ವಿಮಾನಗಳು ಮೇಲಿಂದ ಮೇಲೆ ಬಂದು ಬಡಿದರೂ, 32 ಜನ ಸತ್ತರೂ, ಮುಳುಗಲಿಲ್ಲ. ಅದು ಈಗ ದಕ್ಷಿಣ ಕೆರೊಲೈನಾದ ಪೇಟ್ರಿಯಟ್ಸ್ ಪಾಯಿಂಟ್‌ನಲ್ಲಿ ಮ್ಯೂಸಿಯಂ. "ಅಜ್ಜ ಲ್ಯಾಫಿಯಲ್ಲಿದ್ದರು" ಅಂದರೆ ಯಾವ ಲ್ಯಾಫಿ ಅಂತ ಎದುರಿನವರು ಕೇಳಿಯೇ ಕೇಳುತ್ತಾರೆ.

ಡಿಡಿ ಬೇರೆ, ಡಿಇ ಬೇರೆ ಅನ್ನುವುದೂ ನೆನಪಿರಲಿ. ಡಿಇ ಅಂದರೆ ಡೆಸ್ಟ್ರಾಯರ್ ಎಸ್ಕಾರ್ಟ್. ಸ್ವಲ್ಪ ಚಿಕ್ಕದು, ನಿಧಾನ, ಹೆಚ್ಚಾಗಿ ಸರಕು ಹಡಗುಗಳ ಕಾವಲಿಗೆ ಹೋಗುತ್ತಿದ್ದದ್ದು. ಅವರದ್ದು ಬೇರೆಯೇ ಬಳಗ. ಆ ಬಳಗದ ಮುದುಕರೇ ಹಣ ಸೇರಿಸಿ, ಗ್ರೀಸ್ ನೌಕಾಪಡೆಗೆ ಕೊಟ್ಟಿದ್ದ ಸ್ಲೇಟರ್ ಹಡಗನ್ನು 1993ರಲ್ಲಿ ವಾಪಸ್ ತರಿಸಿಕೊಂಡರು. ಅದು ಈಗ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿದೆ.

ಯಾವ ಹಡಗು ಅಂತ ಎಲ್ಲಿ ಗೊತ್ತಾಗುತ್ತದೆ? ಮನೆಯಲ್ಲಿರುವ ಫೋಟೋದ ಟೋಪಿ ನೋಡಿದರೆ ಪ್ರಯೋಜನವಿಲ್ಲ. ಯುದ್ಧದ ಕಾಲದಲ್ಲಿ ಟೋಪಿಯ ಪಟ್ಟಿಯ ಮೇಲೆ ಹಡಗಿನ ಹೆಸರು ಬಿಟ್ಟು ಬರೀ ಯುಎಸ್ ನೇವಿ ಅಂತ ಹಾಕುತ್ತಿದ್ದರು, ಗುಟ್ಟು ಹೊರಗೆ ಹೋಗಬಾರದು ಅಂತ. ಅದರ ಬದಲು ಹಳೆಯ ಕಾಗದಗಳ ಲಕೋಟೆ ಹುಡುಕಿ. ಕಳಿಸಿದವರ ವಿಳಾಸದಲ್ಲಿ ಹಡಗಿನ ಹೆಸರು, ಅದರ ಕೆಳಗೆ ಫ್ಲೀಟ್ ಪೋಸ್ಟ್ ಆಫೀಸ್ ಅಂತ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಅಂತಿದ್ದರೆ ಹಡಗು ಪೆಸಿಫಿಕ್ ಕಡೆ, ನ್ಯೂಯಾರ್ಕ್ ಅಂತಿದ್ದರೆ ಅಟ್ಲಾಂಟಿಕ್ ಕಡೆ. ಎರಡು ಲಕೋಟೆ ಬೇರೆ ಬೇರೆ ತಿಂಗಳದ್ದು ಸಿಕ್ಕರೆ ಹಡಗು ಯಾವಾಗ ಸಮುದ್ರ ಬದಲಾಯಿಸಿತು ಅನ್ನುವುದೂ ಗೊತ್ತಾಗುತ್ತದೆ. ಇನ್ನೊಂದು, ಸೇವೆಯಿಂದ ಬಿಡುಗಡೆ ಆದಾಗ ಕೊಟ್ಟ ಕಾಗದ. ಎಲ್ಲರೂ ಡಿಡಿ-214 ಕೊಡಿ ಅಂತಾರೆ (ಇದು ಬಿಡುಗಡೆಯ ಫಾರ್ಮ್, ಹಡಗಿನ ನಂಬರ್ ಅಲ್ಲ). ಆ ಫಾರ್ಮ್ ಬಂದದ್ದೇ 1950ರಲ್ಲಿ! 1945-46ರಲ್ಲಿ ಮನೆಗೆ ಬಂದ ನಾವಿಕನ ಹತ್ತಿರ ಇರುವುದು ನ್ಯಾವ್‌ಪರ್ಸ್-553 ಅನ್ನುವ ಕಾಗದ. ಅವರು ಕೆಲಸ ಮಾಡಿದ ಹಡಗುಗಳ ಹೆಸರು ಅದರಲ್ಲಿರುತ್ತದೆ.

ಹಡಗು ಗೊತ್ತಾದ ಮೇಲೆ ಮಸ್ಟರ್ ರೋಲ್‌ಗೆ ಹೋಗಿ. ಇಡೀ ಹುಡುಕಾಟದಲ್ಲಿ ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೂರು ತಿಂಗಳಿಗೊಮ್ಮೆ ಹಡಗಿನಲ್ಲಿರುವ ನಾವಿಕರ ಪೂರ್ತಿ ಪಟ್ಟಿ ಟೈಪ್ ಮಾಡಿ ಕಳಿಸುತ್ತಿದ್ದರು. ಹೆಸರು, ಸರ್ವಿಸ್ ನಂಬರ್, ದರ್ಜೆ, ಈ ಹಡಗಿಗೆ ಬಂದ ತಾರೀಕು, ಎಲ್ಲಾ ಅದರಲ್ಲಿದೆ. ಮಧ್ಯೆ ಯಾರು ಬಂದರು, ಯಾರು ಹೋದರು, ಯಾರು ಸತ್ತರು ಅನ್ನುವುದಕ್ಕೆ ಬೇರೆ ಹಾಳೆ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇವೆಲ್ಲ ಇವೆ. ಫೋಲ್ಡ್3, ಆನ್ಸೆಸ್ಟ್ರಿ ತರದ, ಹಳೆಯ ದಾಖಲೆ ಹುಡುಕುವ ವೆಬ್ ತಾಣಗಳಲ್ಲೂ ನೋಡಬಹುದು. ಒಂದು ಎಚ್ಚರಿಕೆ: ಆಫೀಸರ್‌ಗಳ ಹೆಸರು ಮಸ್ಟರ್ ರೋಲ್‌ನಲ್ಲಿ ಇರುವುದಿಲ್ಲ. ಅವರನ್ನು ಡೆಕ್ ಲಾಗ್‌ನಲ್ಲಿ, ಅಂದರೆ ಹಡಗಿನ ದಿನಚರಿ ಪುಸ್ತಕದಲ್ಲಿ ಹುಡುಕಬೇಕು.

ನಿಮ್ಮವರ ಹೆಸರು ಸಿಕ್ಕ ತಕ್ಷಣ ಹಾಳೆ ಮುಚ್ಚಬೇಡಿ. ದರ್ಜೆ ನೋಡಿ. ಫ್ಲೆಚರ್ ವರ್ಗದ ಡೆಸ್ಟ್ರಾಯರ್ ಅಂದರೆ 376 ಅಡಿ ಉದ್ದ, ಯುದ್ಧದ ಸಮಯದಲ್ಲಿ 300ಕ್ಕೂ ಜಾಸ್ತಿ ಜನ. ಅಷ್ಟು ಇಕ್ಕಟ್ಟಿನಲ್ಲಿದ್ದರೂ ಎಲ್ಲರಿಗೂ ಎಲ್ಲರ ಪರಿಚಯ ಇರುತ್ತಿರಲಿಲ್ಲ. ಕೆಳಗೆ ಬಾಯ್ಲರ್ ಇರುವ ಫೈರ್‌ರೂಮ್‌ನಲ್ಲಿ ಪಾಳಿ ಮಾಡುವವನಿಗೆ ತನ್ನ ಪಾಳಿಯ ಮೂರ್ನಾಲ್ಕು ಜನ ಅಣ್ಣತಮ್ಮಂದಿರ ಹಾಗೆ, ಆದರೆ ಮೇಲೆ ತೋಪಿನ ಹತ್ತಿರ ಇರುವವನ ಹೆಸರು ಕೂಡ ಗೊತ್ತಿಲ್ಲದೆ ಇರಬಹುದು. ಆದ್ದರಿಂದ ನಿಮ್ಮವರು ವಾಟರ್‌ಟೆಂಡರ್ (ಬಾಯ್ಲರ್ ನೋಡಿಕೊಳ್ಳುವವರು) ಆಗಿದ್ದರೆ ಅದೇ ಪಟ್ಟಿಯಲ್ಲಿರುವ ಬೇರೆ ವಾಟರ್‌ಟೆಂಡರ್‌ಗಳನ್ನು, ಫೈರ್‌ಮನ್‌ಗಳನ್ನು ಗುರುತು ಹಾಕಿಕೊಳ್ಳಿ, ಗನ್ನರ್ಸ್ ಮೇಟ್ (ತೋಪು ನೋಡಿಕೊಳ್ಳುವವರು) ಆಗಿದ್ದರೆ ಆ ಗುಂಪನ್ನು. ನೀವು ಹುಡುಕಬೇಕಾದ ಜತೆಗಾರರು ಇವರೇ, ಮುನ್ನೂರು ಜನ ಅಲ್ಲ.

ಹಡಗು ಏನು ಮಾಡಿತು ಅನ್ನುವುದಕ್ಕೆ ವಾರ್ ಡೈರಿ ಓದಿ. ನ್ಯಾಷನಲ್ ಆರ್ಕೈವ್ಸ್‌ನ ಕ್ಯಾಟಲಾಗ್‌ನಲ್ಲಿ ಸ್ಕ್ಯಾನ್ ಮಾಡಿ ಹಾಕಿದ್ದಾರೆ, ದುಡ್ಡು ಕೊಡಬೇಕಿಲ್ಲ. ಕಾದಾಟ ಆದ ದಿನಗಳಿಗೆ ಆಕ್ಷನ್ ರಿಪೋರ್ಟ್ ಅಂತ ಬೇರೆ ಇರುತ್ತದೆ, ಯಾವ ತೋಪು ಎಷ್ಟು ಹೊಡೆಯಿತು, ಯಾರಿಗೆ ಗಾಯ ಆಯಿತು ಅನ್ನುವ ತನಕ. ಡೆಕ್ ಲಾಗ್ ಓದಲು ಸಪ್ಪೆ: ನಾಲ್ಕು ಗಂಟೆಗೊಮ್ಮೆ ದಿಕ್ಕು, ವೇಗ, ಎಣ್ಣೆ ತುಂಬಿಸಿದ್ದು. ಆದರೆ ರಜೆ ಮುಗಿದರೂ ವಾಪಸ್ ಬಾರದೆ ಶಿಕ್ಷೆ ತಿಂದ ಹುಡುಗನ ಹೆಸರು ಸಿಗುವುದು ಅಲ್ಲೇ, ಆ ಹುಡುಗ ನಿಮ್ಮ ಅಜ್ಜನೇ ಆಗಿರಬಹುದು.

ಖಾಸಾ ಸೇವಾ ಕಡತ ಬೇಕಿದ್ದರೆ ಮಿಸೌರಿಯ ಸೇಂಟ್ ಲೂಯಿಸ್‌ಗೆ ಬರೆಯಿರಿ. ಅಲ್ಲಿ ನ್ಯಾಷನಲ್ ಪರ್ಸನೆಲ್ ರೆಕಾರ್ಡ್ಸ್ ಸೆಂಟರ್ ಇದೆ. "ಅಯ್ಯೋ, ಅಲ್ಲಿದ್ದದ್ದೆಲ್ಲ ಸುಟ್ಟುಹೋಯಿತಂತೆ" ಅಂತ ಯಾರಾದರೂ ಹೇಳಿದರೆ ಸುಮ್ನೆ ಹೂಂ ಅಂದುಬಿಡಿ. 1973ರ ಜುಲೈ 12ರ ಬೆಂಕಿಯಲ್ಲಿ ಸುಟ್ಟದ್ದು ಭೂಸೇನೆ ಮತ್ತು ವಾಯುಪಡೆಯ ಕಡತಗಳು, ನೌಕಾಪಡೆಯದ್ದಲ್ಲ. ಮೊಮ್ಮಕ್ಕಳನ್ನು ಅವರು ಹತ್ತಿರದ ಸಂಬಂಧಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೂ ತೊಂದರೆಯಿಲ್ಲ. ಸೇವೆ ಬಿಟ್ಟು 62 ವರ್ಷ ಆದ ಕಡತ ಎಲ್ಲರಿಗೂ ತೆರೆದಿರುತ್ತದೆ. 1946ರಲ್ಲಿ ಬಿಟ್ಟವರದ್ದು 2008ರಿಂದಲೇ ಯಾರು ಬೇಕಾದರೂ ನಕಲು ಶುಲ್ಕ ಕಟ್ಟಿ ತರಿಸಿಕೊಳ್ಳಬಹುದು.

ಇಷ್ಟು ಕೈಯಲ್ಲಿಟ್ಟುಕೊಂಡು ಆಮೇಲೆ ಸಂಘಕ್ಕೆ ಹೋಗಿ, ಮೊದಲೇ ಅಲ್ಲ. ಡೆಸ್ಟ್ರಾಯರ್ ನಾವಿಕರ ದೊಡ್ಡ ಸಂಘ ಟಿನ್ ಕ್ಯಾನ್ ಸೇಲರ್ಸ್. 1976ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದದ್ದು. ಅವರದ್ದೇ ಪತ್ರಿಕೆ ಇದೆ, ಮ್ಯೂಸಿಯಂ ಹಡಗುಗಳ ದುರಸ್ತಿಗೆ ದುಡ್ಡೂ ಕೊಡುತ್ತಾರೆ. ಇದರ ಜತೆಗೆ ಒಂದೊಂದು ಹಡಗಿಗೂ ಒಂದೊಂದು ಪುಟ್ಟ ಸಂಘ ಇರುತ್ತಿತ್ತು. ಹೆಚ್ಚಿನವು ನಡೆದದ್ದು ಒಬ್ಬ ಹಟಮಾರಿ ಕಾರ್ಯದರ್ಶಿಯಿಂದ. ಅವರೇ ವಿಳಾಸಗಳ ಪಟ್ಟಿ ಇಟ್ಟುಕೊಳ್ಳಬೇಕು, ಅವರೇ ಸುದ್ದಿಪತ್ರ ಟೈಪ್ ಮಾಡಬೇಕು, ವರ್ಷಕ್ಕೊಂದು ಊರಿನ ಹೋಟೆಲಿನಲ್ಲಿ ಪುನರ್ಮಿಲನಕ್ಕೆ ರೂಮು ಹಿಡಿಯಬೇಕು, ಆ ವರ್ಷ ತೀರಿಕೊಂಡವರ ಹೆಸರು ಓದಿ ಗಂಟೆ ಬಾರಿಸುವ ಏರ್ಪಾಡು ಮಾಡಬೇಕು. ವಯಸ್ಸಾದಂತೆ ಇಂಥ ಸಂಘಗಳು ಬಹಳಷ್ಟು ಮುಚ್ಚಿವೆ. 1943ರಲ್ಲಿ 17 ವರ್ಷದ ಹುಡುಗ ಆಗಿದ್ದವರಿಗೆ ಈಗ ನೂರರ ಹತ್ತಿರ, ಅಲ್ವಾ? ಹಾಗಾಗಿ ಉತ್ತರ ಕೊಡುವವರು ಬಹುಶಃ ಮಗ, ಮಗಳು ಅಥವಾ ಮೊಮ್ಮಗಳು. ಸಂಘ ಮುಚ್ಚಿದ್ದರೂ ಕೈಬಿಡಬೇಡಿ, ಹಳೆಯ ಸುದ್ದಿಪತ್ರಗಳ ಕಂತೆ ಎಲ್ಲಿ ಹೋಯಿತು ಅಂತ ಕೇಳಿ. ಅವುಗಳಲ್ಲಿ ಟ್ಯಾಪ್ಸ್ ಅನ್ನುವ ಅಂಕಣದಲ್ಲಿ ತೀರಿಕೊಂಡವರ ಹೆಸರು, ಕೆಲವೊಮ್ಮೆ ಊರು ಕೂಡ ಇರುತ್ತದೆ, ಅದನ್ನು ಹಿಡಿದು ಕುಟುಂಬದವರನ್ನು ತಲುಪಬಹುದು.

ಪತ್ರ ಚಿಕ್ಕದಾಗಿರಲಿ. "ನನ್ನ ಅಜ್ಜನ ಬಗ್ಗೆ ಏನಾದರೂ ಗೊತ್ತೇ?" ಅಂತ ಬರೆದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಹೀಗೆ ಬರೆಯಿರಿ: ಹಡಗಿನ ಹೆಸರು ಮತ್ತು ನಂಬರ್, ಯಾವ ತಿಂಗಳಿಂದ ಯಾವ ತಿಂಗಳ ತನಕ ಇದ್ದರು, ದರ್ಜೆ, ಕೆಲಸದ ಜಾಗ ಮುಂದಿನ ಫೈರ್‌ರೂಮೋ ಹಿಂದಿನದೋ, ಅಡ್ಡಹೆಸರು ಇದ್ದರೆ ಅದು. ಹಡಗಿನಲ್ಲಿ ನಿಜವಾದ ಹೆಸರಿಗಿಂತ ಅಡ್ಡಹೆಸರೇ ಜಾಸ್ತಿ ಓಡಾಡುತ್ತಿತ್ತು. ಆಮೇಲೆ ಮಸ್ಟರ್ ರೋಲ್‌ನಿಂದ ತೆಗೆದ ನಾಲ್ಕೈದು ಹೆಸರು ಕೊಟ್ಟು, ಇವರ ಕುಟುಂಬದವರು ಯಾರಾದರೂ ಸಂಪರ್ಕದಲ್ಲಿದ್ದಾರಾ ಅಂತ ಕೇಳಿ. ಅವರು ಬೇರೆಯವರ ವಿಳಾಸವನ್ನು ನಿಮಗೆ ನೇರವಾಗಿ ಕೊಡದೇ ಇರಬಹುದು, ಅದು ಸರಿಯೇ. ನಿಮ್ಮ ಪತ್ರವನ್ನು ಅವರಿಗೆ ತಲುಪಿಸಿ ಅಂತ ಕೇಳಿಕೊಳ್ಳಿ. ಒಂದು ಫೋಟೋದ ಸ್ಕ್ಯಾನ್ ಜತೆಗಿಡಿ, ಎರಡೂ ಬದಿಯದ್ದು. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ ಹೆಸರುಗಳು ನಿಮಗೆ ಏನೂ ಅಲ್ಲದಿರಬಹುದು, ಇನ್ನೊಂದು ಮನೆಯವರಿಗೆ ಅದು ಅವರಪ್ಪ.

ಅದೃಷ್ಟ ಇದ್ದು ಬದುಕಿರುವ ನಾವಿಕರೊಬ್ಬರು ಮಾತಿಗೆ ಸಿಕ್ಕರೆ ಕಾಮಿಕಾಜಿಯಿಂದ ಶುರು ಮಾಡಬೇಡಿ. ಮೂರು ಹಾಸಿಗೆ ಒಂದರ ಮೇಲೊಂದು ಇರುತ್ತಿದ್ದವು. ನಿಮ್ಮದು ಯಾವುದು, ಮೇಲೆ ಯಾರು, ಕೆಳಗೆ ಯಾರು ಅಂತ ಕೇಳಿ. ಹೆಸರುಗಳು ತಾವಾಗಿಯೇ ಬರುತ್ತವೆ. ಮಸ್ಟರ್ ರೋಲ್‌ನ ಪ್ರಿಂಟ್ ದೊಡ್ಡ ಅಕ್ಷರದಲ್ಲಿ ತೆಗೆದು ಅವರ ಕೈಗೆ ಕೊಡಿ. ಒಪ್ಪಿದರೆ ರೆಕಾರ್ಡ್ ಮಾಡಿ, 30 ನಿಮಿಷಕ್ಕಿಂತ ಕಡಿಮೆ ಬೇಡ, ಯಾಕೆಂದರೆ ಲೈಬ್ರರಿ ಆಫ್ ಕಾಂಗ್ರೆಸ್‌ನ ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್ ತೆಗೆದುಕೊಳ್ಳಲು ಅಷ್ಟಾದರೂ ಇರಬೇಕು.

ನಿಮ್ಮ ಹಡಗು ಗುಜರಿಗೆ ಹೋಗಿರುವ ಸಾಧ್ಯತೆಯೇ ಜಾಸ್ತಿ. ಫ್ಲೆಚರ್ ವರ್ಗದಲ್ಲಿ 175 ಕಟ್ಟಿದರು, ಅಮೆರಿಕದಲ್ಲಿ ಉಳಿದದ್ದು ಮೂರೇ: ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಕಿಡ್, ಬಾಸ್ಟನ್‌ನಲ್ಲಿ ಕ್ಯಾಸಿನ್ ಯಂಗ್, ಬಫಲೋದಲ್ಲಿ ದ ಸಲಿವನ್ಸ್. ನಾಲ್ಕನೆಯದು ವೆಲೋಸ್ ಅನ್ನುವ ಹೆಸರಲ್ಲಿ ಗ್ರೀಸ್‌ನಲ್ಲಿದೆ. ನಿಮ್ಮವರ ಹಡಗೂ ಇದೇ ವರ್ಗದ್ದಾದರೆ ಇವುಗಳಲ್ಲಿ ಯಾವುದಕ್ಕೆ ಹೋದರೂ ಒಳಗಿನ ಜೋಡಣೆ ಹೆಚ್ಚು ಕಡಿಮೆ ಒಂದೇ. ಒಂದನ್ನೇ ಆರಿಸಬೇಕಾದರೆ ನಾನು ಕಿಡ್ ಅನ್ನುತ್ತೇನೆ, ಅದನ್ನು 1945ರಲ್ಲಿ ಹೇಗಿತ್ತೋ ಹಾಗೇ ಇಟ್ಟಿದ್ದಾರೆ. ಹೋಗುವ ಮುಂಚೆ ಅಲ್ಲಿಗೆ ಬರೆದು, ನಿಮ್ಮವರ ದರ್ಜೆ ಹೇಳಿ, ಅವರು ಕೆಲಸ ಮಾಡುತ್ತಿದ್ದಂಥ ಜಾಗ ನೋಡಲು ಬಿಡುತ್ತೀರಾ ಅಂತ ವಿಚಾರಿಸಿ. ಎಂಜಿನ್ ರೂಮಿನ ಕಡೆ ಏಣಿ ಕಡಿದಾಗಿರುತ್ತದೆ, ಮಂಡಿನೋವು ಇರುವವರನ್ನು ಇಳಿಸಬೇಡಿ.