‘ಸ್ಕ್ಯಾನರ್ಸ್’ ಚಿತ್ರದ ಬಗೆಗಿನ ಪ್ರೇಕ್ಷಕರ ಅಭಿಪ್ರಾಯಗಳನ್ನು ತೂಗಿ ನೋಡುವ ಕ್ರಮ

ಡೇವಿಡ್ ಕ್ರೋನೆನ್‌ಬರ್ಗ್ ಬರೆದು ನಿರ್ದೇಶಿಸಿದ ಕೆನಡಾದ ‘ಸ್ಕ್ಯಾನರ್ಸ್’ 1981ರ ಜನವರಿಯಲ್ಲಿ ತೆರೆಕಂಡಿತು. ಇನ್ನೊಬ್ಬರ ಮನಸ್ಸನ್ನು ಓದುವುದಷ್ಟೇ ಅಲ್ಲದೆ ಆ ಮನಸ್ಸಿನ ಮೂಲಕ ದೇಹವನ್ನೂ ಹಿಡಿತಕ್ಕೆ ತೆಗೆದುಕೊಳ್ಳಬಲ್ಲ ಟೆಲಿಪಾತ್‌ಗಳ ಕಥೆ ಇದು. ನಾಲ್ಕು ದಶಕಗಳು ಕಳೆದರೂ ಇದನ್ನು ನೋಡಿದವರು ಒಂದು ಮಾತಿಗೆ ಬಂದಿಲ್ಲ. ಒಬ್ಬರು ಇದನ್ನು ವೈಜ್ಞಾನಿಕ ಭಯಾನಕ ಚಿತ್ರಗಳ ಮೇಲ್ಪಂಕ್ತಿಯಲ್ಲಿ ಇಡುತ್ತಾರೆ, ಇನ್ನೊಬ್ಬರು ಒಂದು ದೃಶ್ಯವನ್ನು ಬಿಟ್ಟರೆ ಉಳಿದದ್ದೆಲ್ಲ ನಿಸ್ಸಾರ ಎನ್ನುತ್ತಾರೆ. ಇಂಥ ಚಿತ್ರವನ್ನು ಮೊದಲ ಬಾರಿಗೆ ನೋಡಲು ಹೊರಟವರಿಗೂ, ನೋಡಿ ಮುಗಿಸಿ ತಮ್ಮ ಅನಿಸಿಕೆಯನ್ನು ಬರೆಯಲು ಕುಳಿತವರಿಗೂ ಉಪಯೋಗವಾಗುವಂತೆ, ಈ ಅಭಿಪ್ರಾಯಗಳ ರಾಶಿಯೊಳಗೆ ದಾರಿ ಮಾಡಿಕೊಳ್ಳುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಚಿತ್ರವನ್ನು ಇನ್ನೂ ನೋಡಿರದವರು ಅಭಿಪ್ರಾಯಗಳನ್ನು ಓದುವುದಕ್ಕೆ ಮುಂಚೆ ಚಿತ್ರವನ್ನೇ ನೋಡುವುದು ಲೇಸು. ಇದು ಎಲ್ಲ ಚಿತ್ರಗಳಿಗೂ ಒಪ್ಪುವ ಸಲಹೆಯಲ್ಲ, ಈ ಚಿತ್ರಕ್ಕೆ ಮಾತ್ರ ವಿಶೇಷವಾಗಿ ಒಪ್ಪುತ್ತದೆ. ಮೊದಲ ಕಾಲು ಗಂಟೆಯೊಳಗೆ ಬರುವ, ಸಭೆಯೊಂದರ ನಡುವೆ ಒಬ್ಬನ ತಲೆ ಸಿಡಿದುಹೋಗುವ ದೃಶ್ಯ ಎಷ್ಟು ಹೆಸರಾಗಿದೆಯೆಂದರೆ, ಚಿತ್ರವನ್ನು ನೋಡಿರದ ಸಾವಿರಾರು ಮಂದಿ ಆ ಕೆಲವು ಕ್ಷಣಗಳ ತುಣುಕನ್ನು ಮಾತ್ರ ನೋಡಿರುತ್ತಾರೆ. ಹಾಗೆ ತುಣುಕನ್ನು ನೋಡಿ ಬಂದವರು ಇಡೀ ಚಿತ್ರದಲ್ಲಿ ಅಂಥದ್ದೇ ಹತ್ತು ದೃಶ್ಯಗಳನ್ನು ನಿರೀಕ್ಷಿಸುತ್ತಾರೆ, ಸಿಗದೆ ಬೇಸರಪಡುತ್ತಾರೆ, ಮತ್ತು ಆ ಬೇಸರವನ್ನೇ ಚಿತ್ರದ ದೋಷವೆಂದು ಬರೆಯುತ್ತಾರೆ. ವಾಸ್ತವವಾಗಿ ಇದರ ಬಹುಭಾಗ ಬೇಹುಗಾರಿಕೆಯ ರೋಚಕ ಕಥೆಯ ನಡಿಗೆಯಲ್ಲಿ ಸಾಗುತ್ತದೆ. ಒಂದು ಭದ್ರತಾ ಕಂಪನಿ, ಅದರೊಳಗಿನ ದ್ರೋಹ, ಭೂಗತ ಗುಂಪು, ಒಬ್ಬನನ್ನು ಹುಡುಕುತ್ತ ಹೋಗುವ ಇನ್ನೊಬ್ಬ, ಇಷ್ಟರಲ್ಲೇ ಕಥೆ ಹರಡಿಕೊಂಡಿದೆ. ನಮ್ಮಲ್ಲಿ ವಾಡಿಕೆಯಾಗಿ ಕೇಳಿಬರುವ ‘ಸೆಕೆಂಡ್ ಹಾಫ್ ಎಳೆದಿದ್ದಾರೆ’ ಎಂಬ ದೂರನ್ನು ಈ ಚಿತ್ರದ ಮೇಲೂ ಹೊರಿಸುವವರಿದ್ದಾರೆ. ಆದರೆ ಇದು ಮಧ್ಯಂತರಕ್ಕೆಂದು ಎರಡು ಭಾಗವಾಗಿ ಕಟ್ಟಿದ ಚಿತ್ರವಲ್ಲ. 103 ನಿಮಿಷಗಳನ್ನು ಒಂದೇ ಬೈಠಕ್ಕಿನಲ್ಲಿ ನೋಡಿದರೆ ಎಳೆದಂತೆ ಕಾಣುವ ಭಾಗ ಬಹಳಷ್ಟು ಕುಗ್ಗುತ್ತದೆ.

ನೋಡುವಾಗ ಧ್ವನಿಯ ಕಡೆಗೆ ಗಮನವಿಡಬೇಕು. ಒಬ್ಬ ಮನುಷ್ಯ ಇನ್ನೊಬ್ಬನ ಮನಸ್ಸನ್ನು ಹೊಗುವುದನ್ನು ಕ್ಯಾಮೆರಾ ತೋರಿಸಲಾರದು. ಅದಕ್ಕೆ ಕಾಣುವುದು ಬಿಗಿದ ಮುಖ ಮತ್ತು ನೆಟ್ಟ ಕಣ್ಣು ಮಾತ್ರ. ಉಳಿದ ಕೆಲಸವನ್ನೆಲ್ಲ ಶಬ್ದ ಮಾಡುತ್ತದೆ. ಹೋವರ್ಡ್ ಶೋರ್ ಅವರ ಸಂಗೀತದಲ್ಲಿ ವಾದ್ಯವೃಂದ ಮತ್ತು ಎಲೆಕ್ಟ್ರಾನಿಕ್ ನಾದಗಳು ಒಂದರೊಳಗೊಂದು ಬೆರೆತು ಕೇಳುವವರ ತಲೆಯೊಳಗೇ ಏನೋ ನಡೆಯುತ್ತಿದೆಯೆಂಬ ಭಾವನೆಯನ್ನು ಹುಟ್ಟಿಸುತ್ತವೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ, ಬಸ್ಸಿನಲ್ಲಿ ಕುಳಿತು ಇದನ್ನು ನೋಡಿದವರು ‘ಇಬ್ಬರು ಮುಖ ಗಂಟಿಕ್ಕಿಕೊಂಡು ಒಬ್ಬರನ್ನೊಬ್ಬರು ದಿಟ್ಟಿಸುವುದೇ ಕಥೆ’ ಎಂದರೆ ಅವರ ಮಾತನ್ನು ಸುಳ್ಳೆನ್ನಲಾಗದು, ಅವರಿಗೆ ಅಷ್ಟೇ ತಲುಪಿದೆ. ಒಳ್ಳೆಯ ಹೆಡ್‌ಫೋನ್ ಇದ್ದರೆ ಸಾಕು, ಮಾಲಿನ ಊಟದ ಅಂಗಳದಲ್ಲಿ ನಡೆಯುವ ಮೊದಲ ದೃಶ್ಯದಲ್ಲಿಯೇ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಮುಂದಿನದನ್ನು ಚಿತ್ರ ನೋಡಿದ ಮೇಲೆ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಕಥೆಯ ಗುಟ್ಟುಗಳನ್ನು ಮುಟ್ಟದೆ ಅಭಿಪ್ರಾಯಗಳ ಚರ್ಚೆ ಸಾಧ್ಯವಿಲ್ಲ.

ಬೇರೆಯವರ ಅಭಿಪ್ರಾಯವನ್ನು ಓದುವಾಗ ನಕ್ಷತ್ರಗಳ ಸಂಖ್ಯೆಯನ್ನು ಬದಿಗಿಟ್ಟು, ಬರೆದವರು ಯಾವ ದೃಶ್ಯವನ್ನು ಹೆಸರಿಸಿದ್ದಾರೆ ಎಂಬುದನ್ನು ಮೊದಲು ಹುಡುಕಬೇಕು. ಮೆಚ್ಚುಗೆಯಾಗಲಿ ತೆಗಳಿಕೆಯಾಗಲಿ, ತಲೆ ಸಿಡಿಯುವ ದೃಶ್ಯವೊಂದನ್ನೇ ಹೇಳಿ ನಿಲ್ಲಿಸಿದ ಅಭಿಪ್ರಾಯದಿಂದ ನಮಗೆ ಹೊಸದೇನೂ ದೊರೆಯುವುದಿಲ್ಲ. ಶಿಲ್ಪಿ ಬೆಂಜಮಿನ್ ಪಿಯರ್ಸ್ ತಾನೇ ಮಾಡಿದ ಬೃಹತ್ ತಲೆಯೊಂದರ ಒಳಗೆ ಕುಳಿತು ಮಾತನಾಡುವ ದೃಶ್ಯವನ್ನೋ, ನಾಯಕನ ಎದುರಾಳಿ ಡ್ಯಾರಿಲ್ ರೆವಾಕ್ ಒಳಗಿನ ದನಿಗಳನ್ನು ಹೊರಬಿಡಲೆಂದು ಹಣೆಗೆ ತೂತು ಕೊರೆದುಕೊಂಡದ್ದನ್ನು ಹೇಳುವ ಕಪ್ಪು-ಬಿಳುಪಿನ ದಾಖಲೆಯನ್ನೋ, ದೂರವಾಣಿ ತಂತಿಯ ಮೂಲಕ ಕಂಪ್ಯೂಟರಿನ ಒಳಹೊಗುವ ಪ್ರಸಂಗವನ್ನೋ ಪ್ರಸ್ತಾಪಿಸಿದವರು ಚಿತ್ರವನ್ನು ಬೈದಿದ್ದರೂ ಅವರ ಮಾತಿಗೆ ಕಿವಿಗೊಡುವುದು ಲಾಭ. ಕೊನೆಯ ಪ್ರಸಂಗದ ವಿಷಯದಲ್ಲಿ ಮಾತ್ರ, 1981ರಲ್ಲಿ ಸಾಮಾನ್ಯ ಪ್ರೇಕ್ಷಕರ ಮನೆಗಳಿಗೆ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು, ‘ಲಾಜಿಕ್ ಇಲ್ಲ’ ಎಂಬ ಆಕ್ಷೇಪಕ್ಕೆ ಕೊಡುವ ತೂಕವನ್ನು ಸ್ವಲ್ಪ ಕಡಿಮೆ ಮಾಡಬೇಕು. ನರಮಂಡಲದಿಂದ ನರಮಂಡಲಕ್ಕೆ ಕೊಂಡಿ ಬೆಸೆಯಬಹುದಾದರೆ ಯಂತ್ರದ ಜಾಲಕ್ಕೂ ಬೆಸೆಯಬಹುದು ಎಂಬುದು ಚಿತ್ರ ತನ್ನೊಳಗೆ ಹಾಕಿಕೊಂಡ ನಿಯಮ, ಮತ್ತು ಆ ನಿಯಮವನ್ನು ಅದು ಮುರಿಯುವುದಿಲ್ಲ.

ಆ ಸಿಡಿಯುವ ತಲೆಯ ಬಗ್ಗೆಯೂ ತಿಳಿದು ಮಾತನಾಡುವುದು ಒಳ್ಳೆಯದು. ಅದು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ. ಕೃತಕ ತಲೆಯೊಳಗೆ ಮೇಣ, ಲೇಟೆಕ್ಸ್ ಚೂರುಗಳು, ತಿಂದು ಉಳಿದ ಬರ್ಗರ್ ಮುಂತಾದವನ್ನು ತುಂಬಿದ್ದರು; ತಂತ್ರಜ್ಞ ಗ್ಯಾರಿ ಝೆಲ್ಲರ್ ಹಿಂಬದಿಯಲ್ಲಿ ಅಡಗಿ ಕೋವಿಯಿಂದ ಅದಕ್ಕೆ ಗುಂಡು ಹೊಡೆದರು. ಕ್ರೋನೆನ್‌ಬರ್ಗ್ ಈ ದೃಶ್ಯವನ್ನು ಚಿತ್ರದ ಆರಂಭದಲ್ಲಿಯೇ ಇಡಲು ಯೋಚಿಸಿದ್ದರು. ಹಾಗೆ ಇಟ್ಟಾಗ ಜನ ಅದರ ಆಘಾತದಿಂದ ಚೇತರಿಸಿಕೊಳ್ಳಲಾರದೆ ಮುಂದಿನ ಕೆಲವು ನಿಮಿಷಗಳ ಕಥೆಯನ್ನೇ ಗಮನಿಸುತ್ತಿಲ್ಲವೆಂದು ಕಂಡು ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಪ್ರೇಕ್ಷಕರ ಪ್ರತಿಕ್ರಿಯೆ ಚಿತ್ರದ ರೂಪವನ್ನೇ ಬದಲಿಸಿತೆಂಬ ಈ ಸಂಗತಿ, ‘ಆ ದೃಶ್ಯ ಬಿಟ್ಟರೆ ಏನೂ ನೆನಪಿಲ್ಲ’ ಎನ್ನುವವರ ಮಾತನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ. ಸ್ಥಳ ಬದಲಿಸಿದರೂ ಆಘಾತ ಪೂರ್ತಿ ಕರಗಲಿಲ್ಲ. ಆದ್ದರಿಂದ ಎರಡನೆಯ ಬಾರಿ ನೋಡಿದವರ ಅಭಿಪ್ರಾಯಕ್ಕೆ ಮೊದಲ ಬಾರಿ ನೋಡಿದವರದ್ದಕ್ಕಿಂತ ಹೆಚ್ಚು ಬೆಲೆ ಕೊಡುವುದು ಈ ಚಿತ್ರದ ಮಟ್ಟಿಗೆ ನ್ಯಾಯವಾದ ಕ್ರಮ.

ಅತಿ ಹೆಚ್ಚು ಕೇಳಿಬರುವ ದೂರು ನಾಯಕ ಕ್ಯಾಮರಾನ್ ವೇಲ್‌ನ ಪಾತ್ರ ಮಾಡಿದ ಸ್ಟೀಫನ್ ಲ್ಯಾಕ್ ಅವರ ಅಭಿನಯದ ಮೇಲೆ. ದನಿಯಲ್ಲಿ ಏರಿಳಿತವಿಲ್ಲ, ಮುಖದಲ್ಲಿ ಭಾವವಿಲ್ಲ ಎಂಬುದು ಆಕ್ಷೇಪದ ಸಾರ. ಇದಕ್ಕೆ ಉತ್ತರ ಕೊಡುವವರು, ಹುಟ್ಟಿದಾಗಿನಿಂದ ಬೇರೆಯವರ ಯೋಚನೆಗಳ ಗದ್ದಲದಲ್ಲೇ ಬದುಕಿದವನಿಗೆ ತನ್ನದೆಂಬ ವ್ಯಕ್ತಿತ್ವ ಬೆಳೆಯುವುದಾದರೂ ಹೇಗೆ, ಆ ಖಾಲಿತನವೇ ಪಾತ್ರದ ಸತ್ಯ ಎನ್ನುತ್ತಾರೆ. ಎರಡು ವಾದಗಳಲ್ಲಿ ಒಂದನ್ನು ಹಿಡಿದು ಕೂರುವ ಬದಲು ದೃಶ್ಯವನ್ನು ದೃಶ್ಯದಿಂದ ಬೇರ್ಪಡಿಸಿ ಪರೀಕ್ಷಿಸಬೇಕೆಂಬುದು ನನ್ನ ಸಲಹೆ. ಲ್ಯಾಕ್ ವೃತ್ತಿಯಿಂದ ಚಿತ್ರಕಲಾವಿದರು, ಮತ್ತು ಮಾತಿಲ್ಲದೆ ಕಣ್ಣಿನಿಂದಲೇ ನಡೆಯಬೇಕಾದ ದೃಶ್ಯಗಳಲ್ಲಿ ಅವರು ನಿಜಕ್ಕೂ ನಮ್ಮನ್ನು ಹಿಡಿದಿಡುತ್ತಾರೆ. ಮಂಚಕ್ಕೆ ಕಟ್ಟಿಹಾಕಿದ ವೇಲ್‌ನ ಎದುರು ಜನರನ್ನು ಕೂರಿಸಿ, ಅವರ ಮನಸ್ಸಿನ ದನಿಗಳೆಲ್ಲ ಅವನ ಮೇಲೆ ಎರಗುವ ದೃಶ್ಯದಲ್ಲಿ ಅವರ ಬದಲು ಇನ್ನೊಬ್ಬರನ್ನು ಕಲ್ಪಿಸಿಕೊಳ್ಳುವುದು ನನಗೆ ಕಷ್ಟ. ಜೆನಿಫರ್ ಓನೀಲ್ ನಟಿಸಿದ ಕಿಮ್ ಆಬ್ರಿಸ್ಟ್ ಜೊತೆಗಿನ ಸಂಭಾಷಣೆಗಳಲ್ಲಿ, ಅಂದರೆ ಕಥೆಯ ವಿವರಗಳನ್ನು ಬಾಯಿಬಿಟ್ಟು ಹೇಳಬೇಕಾದಲ್ಲಿ, ದೂರು ಸರಿಯಾಗಿಯೇ ಇದೆ. ‘ಪಾತ್ರವೇ ಹಾಗಿದೆ’ ಎಂಬ ಸಮರ್ಥನೆ ಅಲ್ಲಿ ನಿಲ್ಲುವುದಿಲ್ಲ. ಎದುರಾಳಿ ರೆವಾಕ್ ಆಗಿ ಮೈಕೆಲ್ ಐರನ್‌ಸೈಡ್ ಅವರ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ಅಪರೂಪ.

ಕಥಾಹಂದರ ಸಡಿಲವಾಗಿದೆ ಎನ್ನುವವರ ಮಾತನ್ನು ತೂಗಲು ಚಿತ್ರ ತಯಾರಾದ ಬಗೆ ಗೊತ್ತಿರಬೇಕು. ಕೆನಡಾ ಸರ್ಕಾರ 1970ರ ದಶಕದ ನಡುವಿನಿಂದ, ಅಲ್ಲಿನ ಚಿತ್ರಗಳಲ್ಲಿ ಹೂಡಿದ ಹಣದ ಪೂರ್ತಿ ಮೊತ್ತವನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆದುಕೊಳ್ಳಲು ಅವಕಾಶ ಕೊಟ್ಟಿತ್ತು. ವರ್ಷದ ಕೊನೆಯೊಳಗೆ ಹಣ ಖರ್ಚಾಗಬೇಕೆಂಬ ಆತುರದಲ್ಲಿ 1979ರ ಕೊನೆಯ ತಿಂಗಳುಗಳಲ್ಲಿ ಮಾಂಟ್ರಿಯಲ್ ಸುತ್ತಮುತ್ತ ಚಿತ್ರೀಕರಣ ಶುರುವಾದಾಗ ಚಿತ್ರಕಥೆ ಪೂರ್ತಿಯಾಗಿರಲಿಲ್ಲ. ಕ್ರೋನೆನ್‌ಬರ್ಗ್ ಬರೆಯುತ್ತಲೇ ಚಿತ್ರಿಸಬೇಕಾಯಿತು. ಕೆಲವು ಪಾತ್ರಗಳು ಬಂದು ಹಾಗೆಯೇ ಮಾಯವಾಗುವುದಕ್ಕೂ, ವಿವರಣೆಗಳು ಒಮ್ಮೆಲೇ ಗುಡ್ಡೆ ಬೀಳುವುದಕ್ಕೂ ಇದು ಕಾರಣ. ಆದರೂ ಕಾರಣ ತಿಳಿದ ಮಾತ್ರಕ್ಕೆ ಕೊರತೆ ಮುಚ್ಚುವುದಿಲ್ಲ. ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ಬಿಡುಗಡೆಯ ಹೊತ್ತಿಗೆ ನಾಲ್ಕರಲ್ಲಿ ಎರಡು ನಕ್ಷತ್ರ ಕೊಟ್ಟು, ಕುಶಲತೆಯಿದ್ದರೂ ಪಾತ್ರಗಳ ಬಗ್ಗೆ ನಮ್ಮಲ್ಲಿ ಕಾಳಜಿ ಹುಟ್ಟುವುದಿಲ್ಲವೆಂಬ ಅರ್ಥದಲ್ಲಿ ಬರೆದರು. ಚಿತ್ರವನ್ನು ಬಹಳ ಪ್ರೀತಿಸುವವರು ಕೂಡ ಈ ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು.

ನನ್ನ ಮಟ್ಟಿಗೆ ಆ ಆಕ್ಷೇಪಕ್ಕೆ ಸಿಗುವ ಅತ್ಯುತ್ತಮ ಉತ್ತರ ಚಿತ್ರದ ಔಷಧದ ಕಥೆಯಲ್ಲಿದೆ, ಮತ್ತು ಬಹಳಷ್ಟು ಅಭಿಪ್ರಾಯಗಳು ಅದನ್ನು ತಾಕುವುದೇ ಇಲ್ಲ. ಸ್ಕ್ಯಾನರ್‌ಗಳು, ಅಂದರೆ ಚಿತ್ರದ ಟೆಲಿಪಾತ್‌ಗಳು, ಹುಟ್ಟಿದ್ದು ‘ಎಫೆಮೆರಾಲ್’ ಎಂಬ ಔಷಧದಿಂದ. ಗರ್ಭಿಣಿಯರಿಗೆ ಶಾಮಕವಾಗಿ ಕೊಟ್ಟ ಆ ಔಷಧ ಹೊಟ್ಟೆಯಲ್ಲಿದ್ದ ಮಕ್ಕಳ ನರಮಂಡಲವನ್ನು ಬದಲಿಸಿತು. ಇದನ್ನು ಕೇಳಿದ ಕೂಡಲೇ ಥಾಲಿಡೊಮೈಡ್ ನೆನಪಾಗಬೇಕು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಆ ಶಾಮಕವನ್ನು ಗರ್ಭಿಣಿಯರ ವಾಕರಿಕೆಗೂ ಕೊಡುತ್ತಿದ್ದರು. ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಬೆಳವಣಿಗೆ ಕುಂಠಿತವಾಗಿ ಹುಟ್ಟಿದರು. ಜರ್ಮನಿಯಲ್ಲೂ ಬ್ರಿಟನ್ನಿನಲ್ಲೂ 1961ರ ಕೊನೆಗೆ ಅದನ್ನು ಹಿಂತೆಗೆದುಕೊಂಡ ಮೇಲೂ ಕೆನಡಾದಲ್ಲಿ 1962ರ ಮಾರ್ಚ್‌ವರೆಗೆ ಅದು ಸಿಗುತ್ತಿತ್ತು. ‘ಸ್ಕ್ಯಾನರ್ಸ್’ ಬಿಡುಗಡೆಯಾದಾಗ ಆ ಮಕ್ಕಳಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ತಮ್ಮ ದೇಹವನ್ನು ತಮ್ಮ ಒಪ್ಪಿಗೆಯಿಲ್ಲದೆ ಯಾರೋ ರೂಪಿಸಿದರೆಂಬ ನೋವು ಅಂದಿನ ಕೆನಡಾದಲ್ಲಿ ನೆರೆಮನೆಯ ಸಂಗತಿಯಾಗಿತ್ತು. ಪ್ಯಾಟ್ರಿಕ್ ಮೆಕ್‌ಗೂಹನ್ ಅಭಿನಯಿಸಿದ ಡಾಕ್ಟರ್ ಪಾಲ್ ರೂತ್ ಆ ಔಷಧವನ್ನು ಸೃಷ್ಟಿಸಿದವನು, ಅವನೇ ಅದನ್ನು ತನ್ನ ಸ್ವಂತ ಹೆಂಡತಿಗೆ ಕೊಟ್ಟವನು, ವೇಲ್ ಮತ್ತು ರೆವಾಕ್ ಇಬ್ಬರೂ ಅವನ ಮಕ್ಕಳು ಎಂದು ತಿಳಿದ ಬಳಿಕ ಚಿತ್ರವನ್ನು ಮತ್ತೊಮ್ಮೆ ನೋಡಿದರೆ, ಲ್ಯಾಕ್ ಅವರ ಖಾಲಿ ನೋಟವೂ ರೆವಾಕ್‌ನ ಉರಿಯುವ ಸಿಟ್ಟೂ ಒಂದೇ ಗಾಯದ ಎರಡು ಮುಖಗಳಾಗಿ ಕಾಣುತ್ತವೆ. ಕಾಳಜಿ ಹುಟ್ಟುವುದಿಲ್ಲ ಎಂಬ ಮಾತು ನನ್ನ ಪಾಲಿಗೆ ಅಲ್ಲಿ ಬಿದ್ದುಹೋಗುತ್ತದೆ.

ಕೊನೆಯ ಕಾಳಗದ ಬಗ್ಗೆ ಬರೆಯುವಾಗ ತಂತ್ರವನ್ನೂ ಅರ್ಥವನ್ನೂ ಬೇರೆ ಬೇರೆಯಾಗಿ ಚರ್ಚಿಸಬೇಕು. ತಂತ್ರ ಡಿಕ್ ಸ್ಮಿತ್ ಅವರ ಮೇಕಪ್‌ನದು. ಕೃತಕ ಚರ್ಮದ ಅಡಿಯಲ್ಲಿ ಗಾಳಿ ಹಿಗ್ಗಿಸುವ ಚೀಲಗಳನ್ನಿಟ್ಟು ರಕ್ತನಾಳಗಳು ಉಬ್ಬುವಂತೆ ಮಾಡಿದ ಆ ಕೆಲಸ ಇಂದಿಗೂ ಕಣ್ಣಿಗೆ ಹಳತೆನಿಸುವುದಿಲ್ಲ, ಇದನ್ನು ಒಪ್ಪದವರು ಕಡಿಮೆ. ಅರ್ಥದ ವಿಚಾರದಲ್ಲಿ ಜಗಳವಿದೆ. ವೇಲ್‌ನ ದೇಹ ಸುಟ್ಟು ಬಿದ್ದಿದೆ, ರೆವಾಕ್‌ನ ದೇಹದಿಂದ ವೇಲ್‌ನ ದನಿ ಬರುತ್ತದೆ, ಗೆದ್ದವರು ಯಾರು ಎಂದು ಕೇಳುವ ಪಶ್ಚಿಮದ ಪ್ರೇಕ್ಷಕರಲ್ಲಿ ಹಲವರು ಇದನ್ನು ಅವಸರದ ಮುಕ್ತಾಯವೆನ್ನುತ್ತಾರೆ. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯನ್ನು ಕೇಳಿ ಬೆಳೆದ ನಮಗೆ ಪರಕಾಯ ಪ್ರವೇಶ ಹೊಸ ಕಲ್ಪನೆಯೇನೂ ಅಲ್ಲ, ಹಾಗಾಗಿ ಏನಾಯಿತೆಂಬ ಗೊಂದಲ ನಮ್ಮವರಿಗೆ ಅಷ್ಟಾಗಿ ಕಾಡಲಿಕ್ಕಿಲ್ಲ. ಆದರೆ ಆ ಕಥೆಯಲ್ಲಿ ಶಂಕರರು ತಮ್ಮ ದೇಹಕ್ಕೆ ಹಿಂತಿರುಗುತ್ತಾರೆ, ವೇಲ್‌ಗೆ ಹಿಂತಿರುಗಲು ದೇಹವೇ ಉಳಿದಿಲ್ಲ. ಅಣ್ಣನ ಮುಖವನ್ನು ಹೊತ್ತು ಬದುಕಬೇಕಾದವನು ಎಷ್ಟರಮಟ್ಟಿಗೆ ತಾನಾಗಿ ಉಳಿಯುತ್ತಾನೆ ಎಂಬ ಪ್ರಶ್ನೆಯನ್ನು ಎತ್ತಿದ ಅಭಿಪ್ರಾಯಗಳು ಓದಲು ಯೋಗ್ಯ.

ತಮ್ಮ ಅನಿಸಿಕೆಯನ್ನು ಬರೆಯುವವರು ಚಿತ್ರ ಮುಗಿದ ಕೂಡಲೇ ಕುಳಿತುಕೊಳ್ಳದೆ ಒಂದು ರಾತ್ರಿ ಕಳೆಯಲಿ. ಮರುದಿನ ಯಾವ ದೃಶ್ಯ ತಾನಾಗಿ ನೆನಪಿಗೆ ಬರುತ್ತದೆಯೋ ಅದರಿಂದ ಬರಹವನ್ನು ಆರಂಭಿಸಲಿ, ಮತ್ತು ಅಭಿನಯ, ಕಥೆ, ತಂತ್ರ, ಮುಕ್ತಾಯಗಳ ಬಗ್ಗೆ ಒಂದೇ ತೀರ್ಪನ್ನು ಕೊಡದೆ ಪ್ರತಿಯೊಂದಕ್ಕೂ ಬೇರೆ ಮಾತು ಹೇಳಲಿ. 1991ರಿಂದ ಬಂದ ಮುಂದುವರಿಕೆಯ ಚಿತ್ರಗಳಲ್ಲಿ ಕ್ರೋನೆನ್‌ಬರ್ಗ್ ಅವರ ಪಾತ್ರವಿಲ್ಲ. ಆದ್ದರಿಂದ ಅವುಗಳ ಮೇಲಿನ ಬೇಸರವನ್ನು ಮೂಲ ಚಿತ್ರದ ಲೆಕ್ಕಕ್ಕೆ ಸೇರಿಸಬಾರದು. ಟೆಲಿಪಾತ್‌ಗಳ ವಿಷಯದಲ್ಲಿ ನಿರ್ದೇಶಕರ ಆಸಕ್ತಿ ಎಷ್ಟು ಹಿಂದಿನದೆಂದು ತಿಳಿಯಬೇಕೆನ್ನುವವರು 1969ರಲ್ಲಿ ಅವರು ಕಪ್ಪು-ಬಿಳುಪಿನಲ್ಲಿ ಮಾಡಿದ ‘ಸ್ಟೀರಿಯೊ’ವನ್ನು ಹುಡುಕಿ ನೋಡಬಹುದು. ಅದು ತಾಳ್ಮೆ ಬೇಡುವ ಚಿತ್ರ. ‘ಸ್ಕ್ಯಾನರ್ಸ್’ ಅನ್ನು ಎರಡು ಬಾರಿ ನೋಡಿದ ಮೇಲೆ ಅದಕ್ಕೆ ಕೈಹಾಕುವುದು ಸೂಕ್ತ.