ಟಿಟೊ 'ಅವರು', ಮಿಹೈಲೊವಿಚ್ 'ಅವನು'

ನಮ್ಮಪ್ಪನ ಬಾಯಲ್ಲಿ ನೆಹರು, ನಾಸರ್, ಟಿಟೊ ಮೂರೂ ಹೆಸರು ಒಂದೇ ಉಸಿರಿಗೆ ಬರುತ್ತಿದ್ದವು. ಅಲಿಪ್ತ ಚಳವಳಿಯ ನಾಯಕ, ಯುಗೊಸ್ಲಾವಿಯಾದ ಟಿಟೊ ನನಗೆ ಗೊತ್ತಿತ್ತು, ಬೆಟ್ಟಗಳಲ್ಲಿ ಬಂದೂಕು ಹಿಡಿದ ಟಿಟೊ ಗೊತ್ತಿರಲಿಲ್ಲ. ಮಾಸಪತ್ರಿಕೆಯೊಂದಕ್ಕೆ ಎರಡನೇ ಮಹಾಯುದ್ಧದ ಕಾಲದ ಆ ಹೋರಾಟದ ಬಗ್ಗೆ ಬರೆಯಲು ಒಪ್ಪಿಕೊಂಡೆ. ಒಂದು ವಾರದ ಕೆಲಸ ಅಂದುಕೊಂಡಿದ್ದಕ್ಕೆ ಮೂರು ತಿಂಗಳು ಹಿಡಿಯಿತು.

ಮೊದಲ ಕರಡು ಸಲೀಸಾಗಿ ಬಂತು. 1941ರ ಏಪ್ರಿಲ್ 6ಕ್ಕೆ ಜರ್ಮನ್ನರು ಬೆಲ್‌ಗ್ರೇಡ್ ಮೇಲೆ ಬಾಂಬ್ ಹಾಕಿದರು, 17ಕ್ಕೆ ಯುಗೊಸ್ಲಾವಿಯಾ ಶರಣಾಯಿತು, ಟಿಟೊ ಎದ್ದು ನಿಂತರು. ಥೇಟ್ ಸಿನಿಮಾ. ಕೊನೆಯಲ್ಲಿ 'ಸತ್ತವರು 17 ಲಕ್ಷ' ಅಂತ ಬರೆದೆ.

ಆ ಅಂಕಿಯೇ ಕಾಲಿಗೆ ತೊಡರಿತು. ಅದು ಯುದ್ಧ ಮುಗಿದ ಮೇಲೆ ಪರಿಹಾರ ಕೇಳಲು ಹೊಸ ಸರ್ಕಾರ ಕೊಟ್ಟ ಲೆಕ್ಕ. 1980ರ ದಶಕದಲ್ಲಿ ಕೊಚೊವಿಚ್ ಎಂಬ ಸರ್ಬ್, ಝೆರ್ಯಾವಿಚ್ ಎಂಬ ಕ್ರೊಯೇಟ್ ಬೇರೆ ಬೇರೆಯಾಗಿ ಜನಗಣತಿ ಹಿಡಿದು ಲೆಕ್ಕ ಹಾಕಿದರು. ಇಬ್ಬರಿಗೂ ಸಿಕ್ಕಿದ್ದು ಸುಮಾರು 10 ಲಕ್ಷ. ಹುಟ್ಟದೇ ಹೋದ ಮಕ್ಕಳು, ಊರು ಬಿಟ್ಟು ಹೋದವರು ಎಲ್ಲ ಸೇರಿ ಜನಸಂಖ್ಯೆಯಲ್ಲಿ ಕಾಣುವ ಕೊರತೆಯೇ ಬೇರೆ, ಸತ್ತವರ ಸಂಖ್ಯೆಯೇ ಬೇರೆ ಅಲ್ವಾ? ನಾಜಿಗಳ ಬೆಂಬಲದಿಂದ ಕ್ರೊಯೇಷಿಯಾ ಆಳಿದ ಉಸ್ತಾಶಾಗಳ ಯಾಸೆನೊವಾಟ್ಸ್ ಸಾವಿನ ಶಿಬಿರದ್ದೂ ಇದೇ ಕಥೆ. ಹಳೆಯ ಬರಹಗಳಲ್ಲಿ 7 ಲಕ್ಷ. ಅಲ್ಲಿನ ಸ್ಮಾರಕ ಹೆಸರು ಹಿಡಿದು ಪಟ್ಟಿ ಮಾಡಿದಾಗ 83,000 ಚಿಲ್ಲರೆ. ಅಷ್ಟು ಹೆಸರು ಸಾಲದೇನು, ಎದೆ ಒಡೆಯಲು?

ಆಮೇಲೆ ಪ್ರತಿ ಟಿಪ್ಪಣಿ ಚೀಟಿಯ ಮೂಲೆಯಲ್ಲಿ ಅದು ಯಾವ ವರ್ಷದ ಬರಹ ಅಂತ ಕೆಂಪು ಶಾಯಿಯಲ್ಲಿ ಗುರುತು ಹಾಕತೊಡಗಿದೆ. ಯುದ್ಧದ ಮೇಲೆ ದೇಶ ಆಳಿದ ಟಿಟೊ ತೀರಿಕೊಂಡ 1980ಕ್ಕೆ ಮುಂಚಿನದೋ, ನಂತರದ್ದೋ? 1943ರ ಮಾರ್ಚ್‌ನಲ್ಲಿ ಟಿಟೊ ಅವರ ಕಮ್ಯುನಿಸ್ಟ್ ಗೆರಿಲ್ಲಾ ಪಡೆಯಾದ ಪಾರ್ಟಿಸಾನ್‌ಗಳ ದೂತರು ಜರ್ಮನ್ನರ ಜೊತೆ ಮಾತಿಗೆ ಕೂತಿದ್ದರು. ಕೈದಿಗಳ ವಿನಿಮಯ ಒಂದು ವಿಷಯ, ರಾಜನ ಪಕ್ಷದ ಸರ್ಬ್ ಗೆರಿಲ್ಲಾಗಳಾದ ಚೆಟ್ನಿಕರೇ ನಮ್ಮ ಮುಖ್ಯ ಶತ್ರು ಅನ್ನುವುದು ಇನ್ನೊಂದು. ನನ್ನ ಕರಡಿನಲ್ಲಿ ಶತ್ರುವಿನ ಜೊತೆ ಕೈಜೋಡಿಸಿದವರು ಚೆಟ್ನಿಕರು ಮಾತ್ರ. ಅವರು ಇಟಾಲಿಯನ್ನರ ಜೊತೆ ಸೇರಿದ್ದು, ಬೋಸ್ನಿಯಾದ ಮುಸ್ಲಿಮರನ್ನು ಕೊಂದದ್ದು ಸುಳ್ಳಲ್ಲ. ಆದರೆ ಅವರ ನಾಯಕ ಮಿಹೈಲೊವಿಚ್ ಟಿಟೊಗಿಂತ ಮೊದಲೇ ಬೆಟ್ಟ ಹತ್ತಿದ್ದರು ಅನ್ನುವುದನ್ನು ನಾನು ಬರೆದೇ ಇರಲಿಲ್ಲ.

ಕರಡನ್ನು ಹೆಂಡತಿಗೆ ಓದಿ ಹೇಳುತ್ತಿದ್ದೆ. ನಡುವೆ ತಡೆದಳು. "ರೀ, ಒಬ್ಬರು 'ಬಂದರು', ಇನ್ನೊಬ್ಬ 'ಬಂದ' ಯಾಕೆ?" ಸುಮ್ನೆ ಕೂತೆ. ಕನ್ನಡದ ಕ್ರಿಯಾಪದವೇ ತೀರ್ಪು ಕೊಟ್ಟುಬಿಟ್ಟಿತ್ತು. ರಾತ್ರಿ ಕೂತು ಇಬ್ಬರಿಗೂ ಬಹುವಚನ ಹಾಕಿದೆ. ಉಸ್ತಾಶಾ ನಾಯಕ ಪಾವೆಲಿಚ್‌ಗೆ ಮಾತ್ರ ಕೈ ಬರಲಿಲ್ಲ, ಹಾಗೇ ಬಿಟ್ಟೆ.

ಅಚ್ಚಾಗಿ ಬಂದಾಗ ನೋಡಿದರೆ, 1946ರಲ್ಲಿ ಟಿಟೊ ಸರ್ಕಾರ ಗುಂಡಿಕ್ಕಿ ಕೊಂದದ್ದನ್ನು ಹೇಳುವ ಸಾಲಿನಲ್ಲಿ ಮಿಹೈಲೊವಿಚ್ ಮತ್ತೆ 'ಅವನು' ಆಗಿದ್ದರು.